ಪ್ಯಾಬ್ಲೊ ಫ್ಯಾಂಕ್ ಪ್ರದರ್ಶನ: ಹತ್ತು ಮೀಟರ್ ಕೊಠಡಿಯಲ್ಲಿ ಒಂದು ಸರ್ಕಸ್ ರಿಂಗು

ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಆವರಣದಲ್ಲಿ ಸೇಂಟ್ ಜಾರ್ಜಸ್ ಫೀಲ್ಡ್ ಎಂಬ ಹಸಿರು ಬಯಲಿದೆ. 1835ರಲ್ಲಿ ತೆರೆದ ಹಳೆಯ ಸ್ಮಶಾನ ಅದು. ಅಲ್ಲಿ ಒಂದು ದೊಡ್ಡ ಕಲ್ಲು, ಅದರ ಬುಡದಲ್ಲೇ ಒಂದು ಚಿಕ್ಕ ಕಲ್ಲು. ದೊಡ್ಡದು ಗಂಡನೊಬ್ಬ ತನ್ನ ಹೆಂಡತಿಗಾಗಿ ನಿಲ್ಲಿಸಿದ್ದು. ಚಿಕ್ಕದು ಆ ಗಂಡನದೇ: ವಿಲಿಯಂ ಡಾರ್ಬಿ ಪ್ಯಾಬ್ಲೊ ಫ್ಯಾಂಕ್, 1871ರ ಮೇ 4ರಂದು ತೀರಿಕೊಂಡರು, ವಯಸ್ಸು 75. ವಿಕ್ಟೋರಿಯಾ ಕಾಲದ ಬ್ರಿಟನ್ನಿನಲ್ಲಿ ಸ್ವಂತ ಸರ್ಕಸ್ ಕಟ್ಟಿ, ಊರೂರು ಸುತ್ತಿ, ಹತ್ತಾರು ಕಲಾವಿದರಿಗೆ ಅನ್ನ ಕೊಟ್ಟ ಕಪ್ಪು ಕಲಾವಿದ ಇವರು. ಕುದುರೆ ಪಳಗಿಸುವುದರಲ್ಲಿ ಅವರ ಕಾಲದ ಪತ್ರಿಕೆಗಳೇ ಬೆರಗಾಗಿದ್ದವು. ಇಂದು ಅವರ ಹೆಸರು ಕೇಳಿದವರಲ್ಲಿ ಬಹುಪಾಲು ಜನ ಕೇಳಿರುವುದು ಬೀಟಲ್ಸ್ ಎಂಬ ಇಂಗ್ಲಿಷ್ ಸಂಗೀತ ತಂಡದ 1967ರ ‘ಬೀಯಿಂಗ್ ಫಾರ್ ದ ಬೆನಿಫಿಟ್ ಆಫ್ ಮಿಸ್ಟರ್ ಕೈಟ್’ ಎಂಬ ಹಾಡಿನ ಒಂದು ಸಾಲಿನಲ್ಲಿ.

ಇಂಥವರ ಬಗ್ಗೆ ಊರಿನವರೇ ಸೇರಿ ಒಂದು ಪ್ರದರ್ಶನ ಕಟ್ಟಬೇಕಾದರೆ ವಿನ್ಯಾಸ ಹೇಗಿರಬೇಕು ಎಂಬುದು ಇಲ್ಲಿಯ ಪ್ರಕರಣ. ಲೆಕ್ಕಕ್ಕೆ ಹಿಡಿದದ್ದು ಲೀಡ್ಸ್‌ನಲ್ಲಿ ಸಿಗಬಹುದಾದ ಸಾಧಾರಣ ಸಮುದಾಯ ಭವನದ ಕೊಠಡಿ: 10 ಮೀಟರ್ ಉದ್ದ, 6 ಮೀಟರ್ ಅಗಲ, ಬಾಗಿಲು ಒಂದೇ, ಅದೂ ಕಿರುಗೋಡೆಯಲ್ಲಿ. ತಯಾರಿಗೆ 12 ವಾರ, ಪ್ರದರ್ಶನ 4 ವಾರ. ಮೂಲ ವಸ್ತು ಒಂದೂ ಇಲ್ಲ. ಚಾವಟಿ ಇಲ್ಲ, ಜೀನು ಇಲ್ಲ, ಉಡುಪು ಇಲ್ಲ. ಇರುವುದು ಕಾಗದ ಮಾತ್ರ: ಪತ್ರಿಕೆಯ ಸುದ್ದಿ, ಜಾಹೀರಾತು, ಚರ್ಚಿನ ದಾಖಲೆ, ಜನಗಣತಿ, ಒಂದು ಭಿತ್ತಿಪತ್ರ. ಈ ಬಗೆಯ ಪ್ರದರ್ಶನಗಳ ಸಾಮಾನ್ಯ ಸ್ಥಿತಿಯೇ ಇದು. ವಸ್ತುಗಳಿಲ್ಲ ಎಂದು ಫಲಕಗಳ ಮೇಲೆ ಅಕ್ಷರ ತುಂಬಿಸುವುದೇ ಮೊದಲ ತಪ್ಪು.

ಮೊದಲು ತೀರ್ಮಾನವಾಗಬೇಕಾದದ್ದು ಹಾಡಿನ ಜಾಗ

ಹಾಡನ್ನು ಬಾಗಿಲಲ್ಲೇ ಇಡಬೇಕೆಂದು ಎಲ್ಲರಿಗೂ ಅನ್ನಿಸುತ್ತದೆ, ಜನ ಬರುತ್ತಾರೆ ಎಂಬ ಆಸೆಗೆ. ಹಾಗೆ ಇಟ್ಟರೆ ಮುಂದಿನದೆಲ್ಲ ಹಾಡಿಗೆ ಅಡಿಟಿಪ್ಪಣಿಯಾಗುತ್ತದೆ. ಫ್ಯಾಂಕ್ 1841ರಲ್ಲಿ ವಿಲಿಯಂ ಬ್ಯಾಟಿ ಅವರ ಸರ್ಕಸ್ಸಿನಿಂದ ಹೊರಬಂದು ಸ್ವಂತ ತಂಡ ಕಟ್ಟಿದವರು. 1847ರಲ್ಲಿ ಲಂಡನ್ನಿನ ಆಸ್ಟ್ಲೀಸ್ ಆಂಫಿಥಿಯೇಟರಿನಲ್ಲಿ, ಅಂದರೆ ಆ ಕಲೆಯ ತವರಿನಲ್ಲೇ, ಬೀಡಾ ಎಂಬ ಕಪ್ಪು ಹೆಣ್ಣುಕುದುರೆಯೊಂದಿಗೆ ಹೆಸರು ಮಾಡಿದವರು. ಇದಕ್ಕೂ ಹಾಡಿಗೂ ನಡುವೆ 120 ವರ್ಷ. ಹಾಗಾಗಿ ಇಡೀ ವಿನ್ಯಾಸಕ್ಕೆ ಒಂದೇ ಅಳತೆಗೋಲು: ನೋಡಿ ಹೊರಬಂದವರನ್ನು ‘ಇವರ ಕೆಲಸ ಏನು?’ ಎಂದು ಕೇಳಿದಾಗ ‘ಕುದುರೆ ಪಳಗಿಸುತ್ತಿದ್ದರು, ಸರ್ಕಸ್ ನಡೆಸುತ್ತಿದ್ದರು’ ಎಂಬ ಉತ್ತರ ಬರಬೇಕು. ‘ಬೀಟಲ್ಸ್ ಹಾಡಿನಲ್ಲಿ ಬರುತ್ತಾರಲ್ಲ, ಅವರು’ ಎಂದರೆ ಫಲಕಗಳ ಕ್ರಮ ತಪ್ಪಿದೆ ಎಂದರ್ಥ.

ಹಾಡನ್ನು ಪೂರ್ತಿ ಬಿಡುವುದೂ ಸರಿಯಲ್ಲ. ಬಂದವರು ಅದನ್ನು ಹುಡುಕುತ್ತಾರೆ. ಅದಕ್ಕೆ ತಕ್ಕ ಜಾಗ ಬಾಗಿಲಿರುವ ಗೋಡೆಯೇ, ಒಳಮುಖದಲ್ಲಿ. ಒಳಬರುವಾಗ ಆ ಗೋಡೆ ಬೆನ್ನ ಹಿಂದೆ ಇರುತ್ತದೆ. ಎಲ್ಲ ಮುಗಿಸಿ ಹೊರಡಲು ತಿರುಗಿದಾಗಲೇ ಕಣ್ಣಿಗೆ ಬೀಳುತ್ತದೆ. ಇದು ಕೆಡುವುದು ಒಂದೇ ಕಾರಣಕ್ಕೆ: ಸ್ವಯಂಸೇವಕರ ಮೇಜನ್ನು ಅದೇ ಗೋಡೆಗೆ ಹಾಕಿದರೆ ಬಂದವರು ಹೆಸರು ಬರೆಯಲು ಮೊದಲೇ ತಿರುಗುತ್ತಾರೆ. ಮೇಜು ಎಡಗೋಡೆಗಿರಲಿ.

ಅಲ್ಲಿ ಹೇಳಬೇಕಾದದ್ದು ಚಿಕ್ಕದು. 1967ರ ಜನವರಿಯಲ್ಲಿ ಕೆಂಟ್ ಪ್ರಾಂತದ ಸೆವನೋಕ್ಸ್‌ನ ಹಳೆಸಾಮಾನಿನ ಅಂಗಡಿಯಲ್ಲಿ ಬೀಟಲ್ಸ್ ತಂಡದ ಜಾನ್ ಲೆನನ್ ಒಂದು ಸರ್ಕಸ್ ಭಿತ್ತಿಪತ್ರ ಕೊಂಡರು. ಹಾಡಿನ ಮಾತುಗಳು ಬಹುಪಾಲು ಅದರಿಂದಲೇ ಬಂದವು. ಭಿತ್ತಿಪತ್ರದಲ್ಲಿ ಊರು ರಾಚ್‌ಡೇಲ್, ಹಾಡಿನಲ್ಲಿ ಬಿಷಪ್ಸ್‌ಗೇಟ್ ಆಯಿತು. ಕುದುರೆಯ ಹೆಸರು ಜಾಂಥಸ್, ಹಾಡಿನಲ್ಲಿ ಹೆನ್ರಿ ಆಯಿತು. ಈ ಎರಡು ಬದಲಾವಣೆಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು. ಹಾಡಿನ ಸಾಲುಗಳನ್ನು ಫಲಕದ ಮೇಲೆ ಅಚ್ಚು ಹಾಕಬಾರದು, ಅವಕ್ಕೆ ಇನ್ನೂ ಹಕ್ಕುಸ್ವಾಮ್ಯವಿದೆ. ಕೊಠಡಿಯಲ್ಲಿ ಹಾಡು ನುಡಿಸಲೂ ಬ್ರಿಟನ್ನಿನಲ್ಲಿ ಸಾರ್ವಜನಿಕ ಸಂಗೀತ ಪರವಾನಗಿ ಬೇಕು. ಭವನಕ್ಕೆ ಪರವಾನಗಿ ಇದೆಯೇ ಎಂದು ಮೊದಲ ವಾರವೇ ಕೇಳಿಕೊಳ್ಳುವುದು ಕ್ಷೇಮ.

ನೆಲದ ಮೇಲೆ ರಿಂಗು

ವಸ್ತುಗಳಿಲ್ಲದ ಪ್ರದರ್ಶನದಲ್ಲಿ ಮೈಗೆ ತಾಗುವಂಥದ್ದು ಒಂದಾದರೂ ಬೇಕು. ಇಲ್ಲಿ ಅದು ರಿಂಗಿನ ಅಳತೆ. ಸರ್ಕಸ್ ರಿಂಗಿನ ವ್ಯಾಸ 42 ಅಡಿ, ಸುಮಾರು 12.8 ಮೀಟರ್. ಹದಿನೆಂಟನೆಯ ಶತಮಾನದಲ್ಲಿ ಆಸ್ಟ್ಲೀಸ್ ಕಟ್ಟಿದ ಫಿಲಿಪ್ ಆಸ್ಟ್ಲಿ ಅವರ ಕಾಲದಲ್ಲಿ ನೆಲೆಗೊಂಡ ಈ ಅಳತೆ ಇಂದಿಗೂ ಹೆಚ್ಚುಕಡಿಮೆ ಹಾಗೇ ಇದೆ. ಒಂದೇ ವೇಗದಲ್ಲಿ ಸುತ್ತುವ ಕುದುರೆ ಒಳಕ್ಕೆ ವಾಲುತ್ತದೆ. ಬೆನ್ನ ಮೇಲೆ ನಿಂತ ಸವಾರನೂ ಅದೇ ಓರೆಗೆ ವಾಲಿ ನಿಲ್ಲುತ್ತಾನೆ. ರಿಂಗು ಕಿರಿದಾದರೆ ಕುದುರೆ ಎಡವುತ್ತದೆ, ಹಿರಿದಾದರೆ ಸವಾರನನ್ನು ಹಿಡಿದಿಡುವ ಓರೆ ಸಾಲುವುದಿಲ್ಲ.

12.8 ಮೀಟರ್ ರಿಂಗು 6 ಮೀಟರ್ ಅಗಲದ ಕೊಠಡಿಯಲ್ಲಿ ಕೂರದು. ಕುಗ್ಗಿಸಿ ಪೂರ್ತಿ ವೃತ್ತ ಬರೆಯುವ ಮನಸ್ಸಾಗುತ್ತದೆ, ಬೇಡ. ನಿಜ ಅಳತೆಯ ಒಂದು ತುಂಡು ಸಾಕು. ಹಿಂಗೋಡೆಯಿಂದ 1 ಮೀಟರ್ ಮುಂದೆ, ಕೊಠಡಿಯ ನಡುಗೆರೆಯ ಮೇಲೆ ಕೇಂದ್ರಬಿಂದು ಗುರುತಿಸಿ. ಅಲ್ಲಿಂದ 6.4 ಮೀಟರ್ ತ್ರಿಜ್ಯಕ್ಕೆ ಬಿಲ್ಲಿನ ಗೆರೆ ಎಳೆದರೆ ಅದು ಎರಡೂ ಪಕ್ಕದ ಗೋಡೆಗಳನ್ನು ಹಿಂಗೋಡೆಯಿಂದ 6.65 ಮೀಟರ್ ದೂರದಲ್ಲಿ ಮುಟ್ಟುತ್ತದೆ. ನಡುವೆ 75 ಸೆಂಟಿಮೀಟರ್ ಮುಂದಕ್ಕೆ ಉಬ್ಬಿ ಬಾಗಿಲಿಗೆ 2.6 ಮೀಟರ್ ಹತ್ತಿರ ಬರುತ್ತದೆ. ಗೆರೆಯ ಉದ್ದ ಸುಮಾರು 6.25 ಮೀಟರ್, ಇಡೀ ರಿಂಗಿನ ಆರನೇ ಒಂದು ಪಾಲಿಗೂ ತುಸು ಕಡಿಮೆ. ಈ ತುಂಡು ನೋಡಿಯೇ ಉಳಿದದ್ದು ಗೋಡೆಯಾಚೆ ಎಷ್ಟು ದೂರ ಹೋಗುತ್ತದೆಂದು ಕಣ್ಣು ಅಂದಾಜು ಮಾಡುತ್ತದೆ. ಗೆರೆಯ ಹೊರಗಿನ ಜಾಗ ಪ್ರೇಕ್ಷಕರದು, ಟಿಕೆಟ್ ಕಿಟಕಿಯದು, ಭಿತ್ತಿಪತ್ರದ್ದು. ಗೆರೆ ದಾಟಿದರೆ ಕೆಲಸದ ಜಾಗ: ತಾಲೀಮು, ಕುದುರೆ, ಸಂಬಳ, ಸಾವು.

ಎಳೆಯುವಾಗ ನೈಲಾನ್ ದಾರ ಬೇಡ, ಜಗ್ಗಿದಷ್ಟೂ ಹಿಗ್ಗುತ್ತದೆ. ಉಕ್ಕಿನ ಅಳತೆ ಟೇಪಿನ ತುದಿಯನ್ನು ಒಬ್ಬರು ಕೇಂದ್ರದಲ್ಲಿ ಒತ್ತಿ ಹಿಡಿಯಲಿ, ಇನ್ನೊಬ್ಬರು 20 ಸೆಂಟಿಮೀಟರಿಗೊಂದು ಸೀಮೆಸುಣ್ಣದ ಚುಕ್ಕೆ ಇಡಲಿ. ಚುಕ್ಕೆಯಿಂದ ಚುಕ್ಕೆಗೆ ಟೇಪಿನ ತುಂಡು ಅಂಟಿಸಿದರೆ 32 ತುಂಡುಗಳಲ್ಲಿ ಗೆರೆ ಮುಗಿಯುತ್ತದೆ. ಅಗಲ ಟೇಪನ್ನು ಒಂದೇ ಉದ್ದಕ್ಕೆ ಬಾಗಿಸಲು ಹೋದರೆ ಒಳಅಂಚು ಸುಕ್ಕುಗಟ್ಟಿ ಮೂರೇ ದಿನದಲ್ಲಿ ಕಾಲಿಗೆ ಸಿಕ್ಕಿ ಏಳುತ್ತದೆ. ಮರದ ನೆಲವಾದರೆ ಮೂಲೆಯಲ್ಲಿ 10 ಸೆಂಟಿಮೀಟರ್ ಅಂಟಿಸಿ ಎರಡು ದಿನ ಬಿಟ್ಟು ಕಿತ್ತು ನೋಡಿ, ಪಾಲಿಶ್ ಎದ್ದು ಬಂದರೆ ಬೇರೆ ಟೇಪು ತನ್ನಿ. ರಿಂಗಿನ ಕಟ್ಟೆಯನ್ನು ಎತ್ತರಿಸಿ ಮಾಡುವ ಯೋಚನೆ ಯಾರಿಗಾದರೂ ಬಂದೇ ಬರುತ್ತದೆ. ಗಾಲಿಕುರ್ಚಿಯವರು ದಾಟಲಾರರು, ಮಕ್ಕಳು ಮುಗ್ಗರಿಸುತ್ತಾರೆ. ಗೆರೆ ಚಪ್ಪಟೆಯಾಗಿಯೇ ಇರಲಿ.

ಒಂದು ರಾತ್ರಿಯ ಭಿತ್ತಿಪತ್ರ

ಗೆರೆಯ ಹೊರಗೆ ನಿಲ್ಲುವ ಮುಖ್ಯ ಪ್ರದರ್ಶಿಕೆ ಅದೇ ಭಿತ್ತಿಪತ್ರದ ಪ್ರತಿ. 1843ರ ಫೆಬ್ರವರಿ 14, ಮಂಗಳವಾರ ಸಂಜೆ, ರಾಚ್‌ಡೇಲ್‌ನ ಟೌನ್ ಮೆಡೋಸ್‌ನಲ್ಲಿ ಪ್ಯಾಬ್ಲೊ ಫ್ಯಾಂಕ್ ಅವರ ಸರ್ಕಸ್ ರಾಯಲ್. ಈ ಋತುವಿನ ಅತಿ ಭರ್ಜರಿ ರಾತ್ರಿ ಎಂಬ ಘೋಷಣೆ, ಇನ್ನು ಉಳಿದಿರುವುದು ಮೂರೇ ರಾತ್ರಿ ಎಂಬ ಅವಸರ, ಬೆಂಕಿ ಹೊತ್ತಿದ ಪೀಪಾಯಿಯ ಮೂಲಕ ಹಾರುವ ಭರವಸೆ. ನಮ್ಮ ಕಂಪನಿ ನಾಟಕಗಳ ಹ್ಯಾಂಡ್‌ಬಿಲ್ ಕಂಡವರಿಗೆ ಈ ಧಾಟಿ ಬಿಡಿಸಿ ಹೇಳಬೇಕಿಲ್ಲ. ಅದರಲ್ಲಿಯ ಮುಖ್ಯ ಮಾತೂ ನಮಗೆ ಗೊತ್ತಿರುವುದೇ: ಅದು ಕೈಟ್ ಮತ್ತು ಹೆಂಡರ್ಸನ್ ಎಂಬ ಕಲಾವಿದರ ಬೆನಿಫಿಟ್ ಆಟ. ಆ ರಾತ್ರಿಯ ಗಳಿಕೆ ಹೆಸರಿಸಿದ ಕಲಾವಿದರಿಗೆ ಸೇರಬೇಕಾದದ್ದು. ಭಿತ್ತಿಪತ್ರದಲ್ಲಿ ಕಲಾವಿದರ ಹೆಸರೂ ದೊಡ್ಡ ಅಕ್ಷರದಲ್ಲಿದೆ, ಒಡೆಯರ ಹೆಸರೂ ಇದೆ. ಫ್ಯಾಂಕ್ ಅವರನ್ನು ಬರೀ ಸವಾರರಾಗಿ ಅಲ್ಲ, ಆಟ ಆಡಿಸುವ ಯಜಮಾನರಾಗಿ ತೋರಿಸಲು ಇದಕ್ಕಿಂತ ಒಳ್ಳೆಯ ಕಾಗದ ಇನ್ನೊಂದಿಲ್ಲ.

ಇದರ ಪಕ್ಕದಲ್ಲಿ ಒಂದು ಮೇಜು, ಮೇಲೆ ಮರದ ಅಚ್ಚುಮೊಳೆಗಳು. ಬಂದವರು ತಮಗೆ ಬೇಕಾದವರ ಬೆನಿಫಿಟ್‌ಗೆ ಎ5 ಕಾಗದದಲ್ಲಿ ಒಂದು ಸಾಲು ಅಚ್ಚು ಹಾಕಿಕೊಳ್ಳಲಿ. ನೀರಿನಲ್ಲಿ ತೊಳೆದುಹೋಗುವ ಶಾಯಿ, ಒಂದು ರೋಲರ್, ಏಪ್ರನ್ 4, ಒದ್ದೆ ಬಟ್ಟೆ. ಒಂದೇ ಅಳತೆಯ ಮೊಳೆಗಳಾದರೆ ಭಿತ್ತಿಪತ್ರದ ಸೊಗಸು ಬರುವುದಿಲ್ಲ, ಮೂರು ಅಳತೆಯಾದರೂ ಬೇಕು. ಮೊಳೆಗಳ ಎತ್ತರ ಮಾತ್ರ ಒಂದೇ ಇರಬೇಕು. ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಗಿಡ್ಡ ಅಕ್ಷರ ಮಸುಕಾಗಿ ಬೀಳುತ್ತದೆ. ಆಗ ಅದರ ಕೆಳಗೆ ತೆಳು ಕಾಗದದ ಪಟ್ಟಿ ಕೊಡಬೇಕು.

ಯಾವುದು ಗೊತ್ತು, ಯಾವುದು ಮಾತು

ಹನ್ನೆರಡರಲ್ಲಿ ಐದು ವಾರ ಹುಡುಕಾಟಕ್ಕೇ ಇಡಬೇಕು. ಒಂದೊಂದು ಸಂಗತಿಗೆ ಒಂದೊಂದು ಕಾರ್ಡು: ಸಂಗತಿ, ಪತ್ರಿಕೆ ಅಥವಾ ದಾಖಲೆಯ ಹೆಸರು, ತಾರೀಖು, ಪುಟ. ಕಾರ್ಡುಗಳನ್ನು ಮೂರು ಗುಡ್ಡೆ ಮಾಡಿ. ಗೊತ್ತಿರುವುದು ಫಲಕಕ್ಕೆ ನೇರ ಹೋಗಲಿ. ಜನ ಹೇಳುವುದು ‘ಎನ್ನುತ್ತಾರೆ’ ಎಂಬ ಮಾತಿನೊಂದಿಗೆ ಹೋಗಲಿ. ಊಹೆ ಎಷ್ಟೇ ಚೆಂದವಿದ್ದರೂ ಡಬ್ಬಿಯಲ್ಲೇ ಉಳಿಯಲಿ.

ಹುಟ್ಟಿದ ವರ್ಷವೇ ಮೊದಲ ಪರೀಕ್ಷೆ. ಸಮಾಧಿಯ ಮೇಲಿನ 75 ನಂಬಿದರೆ ಅವರು 1796ರಲ್ಲಿ ಹುಟ್ಟಿದವರು. ಅವರು ಹುಟ್ಟಿದ ಊರು ನಾರ್ವಿಚ್‌ನ ದಾಖಲೆಗಳು 1810 ಎನ್ನುತ್ತವೆ. 1821ರ ಡಿಸೆಂಬರಿನಲ್ಲಿ ನಾರ್ವಿಚ್‌ನಲ್ಲಿ ರಿಂಗಿಗೆ ಇಳಿದಾಗ ಅವರನ್ನು ಹುಟ್ಟುಹೆಸರು ಹಿಡಿದು ಕರೆದದ್ದು ‘ಯಂಗ್ ಡಾರ್ಬಿ’, ಅಂದರೆ ಎಳೆಯ ಡಾರ್ಬಿ, ಎಂದು. ಹನ್ನೊಂದರ ಹುಡುಗನಿಗೆ ಅದು ಒಪ್ಪುತ್ತದೆ, ಇಪ್ಪತ್ತೈದರ ಗಂಡಸಿಗೆ ಅಷ್ಟಾಗಿ ಒಪ್ಪುವುದಿಲ್ಲ. ಫಲಕದಲ್ಲಿ 1810 ಎಂದು ಬರೆದು ಸುಮ್ಮನಾದರೆ ಸಮಾಧಿ ನೋಡಿಬಂದವರು ನಾಳೆಯೇ ತಪ್ಪು ಹಿಡಿಯುತ್ತಾರೆ. ಎರಡನ್ನೂ ತೋರಿಸಿ, 1810 ಏಕೆ ಹೆಚ್ಚು ನಂಬಿಕೆಗೆ ಅರ್ಹ ಎಂದು ಎರಡು ಸಾಲು ಬರೆಯುವುದು ಮೇಲು. ದಾಖಲೆಗಳನ್ನು ತೂಗಿ ನೋಡುವುದನ್ನು ಜನ ಇಷ್ಟಪಟ್ಟು ಓದುತ್ತಾರೆ, ಬೇಸರಪಡುವುದಿಲ್ಲ.

‘ಮೊದಲಿಗರು’ ಎಂಬ ಮಾತಿನಲ್ಲೂ ಎಚ್ಚರ ಬೇಕು. ಬ್ರಿಟನ್ನಿನ ಮೊದಲ ಕಪ್ಪು ಸರ್ಕಸ್ ಒಡೆಯ ಎಂದು ಅವರನ್ನು ಸಾಮಾನ್ಯವಾಗಿ ಗುರುತಿಸುತ್ತಾರೆ. ಫಲಕವೂ ಅಷ್ಟನ್ನೇ ಹೇಳಲಿ.

ಡಿಜಿಟಲ್ ಪತ್ರಿಕಾ ಸಂಗ್ರಹದಲ್ಲಿ ‘ಪ್ಯಾಬ್ಲೊ ಫ್ಯಾಂಕ್’ ಎಂದಷ್ಟೇ ಹುಡುಕಿದರೆ ಅರ್ಧ ಜೀವನ ಕೈತಪ್ಪುತ್ತದೆ. ಮೊದಲ ವರ್ಷಗಳಿಗೆ ‘ಡಾರ್ಬಿ’ ಎಂದು, ಜೊತೆಗೆ ‘ಬ್ಯಾಟಿ’ ಎಂದು ಹುಡುಕಬೇಕು. ಯಂತ್ರ ಓದಿದ ಹಳೆಯ ಅಚ್ಚಿನಲ್ಲಿ ಇಂಗ್ಲಿಷಿನ ‘ಎನ್’ ಅಕ್ಷರ ‘ಯು’ ಆಗಿಬಿಡುವುದು ಮಾಮೂಲು, ಹಾಗೆ ಕೆಟ್ಟ ರೂಪಗಳನ್ನೂ ಬೇಕೆಂದೇ ಹುಡುಕಬೇಕು. ಇನ್ನೊಂದು ಮಾತು: ಪತ್ರಿಕೆ ಹಳೆಯದು, ಹಕ್ಕು ಮುಗಿದಿದೆ ಎಂದು ಸಂಗ್ರಹದ ಚಿತ್ರವನ್ನು ನೇರ ಅಚ್ಚಿಗೆ ಕಳಿಸಬೇಡಿ. ಚಿತ್ರ ಕೊಟ್ಟ ಸಂಸ್ಥೆಯ ಷರತ್ತು ಬೇರೆಯೇ ಇರುತ್ತದೆ, ಅನುಮತಿಗೆ ವಾರಗಟ್ಟಲೆ ಹಿಡಿಯುತ್ತದೆ.

ಚಿತ್ರ ಎಂದರೆ ಇಲ್ಲಿ ಮುಖ್ಯವಾಗಿ ಒಂದೇ: ಇಲಸ್ಟ್ರೇಟೆಡ್ ಲಂಡನ್ ನ್ಯೂಸ್ 1847ರ ಮಾರ್ಚ್ 20ರಂದು ಅಚ್ಚು ಹಾಕಿದ, ಆಸ್ಟ್ಲೀಸ್‌ನಲ್ಲಿ ಫ್ಯಾಂಕ್ ಮತ್ತು ಅವರ ಕುದುರೆ ಇರುವ ಮರದಚ್ಚಿನ ಚಿತ್ರ. ಅಂತರ್ಜಾಲದಲ್ಲಿ ಅವರ ಹೆಸರಿನಡಿ ಸಿಗುವ ಬೇರೆ ಮುಖಗಳನ್ನು ಮೂಲ ಪತ್ತೆಯಾಗದೆ ಬಳಸಬಾರದು. ಬೇರೊಬ್ಬ ಕಪ್ಪು ಮನುಷ್ಯನ ಮುಖವನ್ನು ಇವರದೆಂದು ತೂಗುಹಾಕುವುದಕ್ಕಿಂತ ದೊಡ್ಡ ಅವಮಾನ ಇಂಥ ಪ್ರದರ್ಶನದಲ್ಲಿ ಇನ್ನೊಂದಿಲ್ಲ. ಮರದಚ್ಚು ಬರೀ ಗೆರೆಗಳಿಂದಾದದ್ದು, ಹಾಗಾಗಿ ಹಿಗ್ಗಿಸಿದರೂ ತಾಳುತ್ತದೆ. 20 ಸೆಂಟಿಮೀಟರ್ ಅಗಲದ ಚಿತ್ರವನ್ನು 600 ಡಿಪಿಐಗೆ, ಅಂದರೆ ಅಂಗುಲಕ್ಕೆ 600 ಚುಕ್ಕೆಗೆ, ಸ್ಕ್ಯಾನ್ ಮಾಡಿದರೆ 60 ಸೆಂಟಿಮೀಟರಿಗೆ ಹಿಗ್ಗಿಸಿದಾಗ 200 ಡಿಪಿಐ ಉಳಿಯುತ್ತದೆ, ಗೋಡೆಗೆ ಸಾಕು. ಇತ್ತೀಚಿನ ಪುಸ್ತಕದಿಂದ ಸ್ಕ್ಯಾನ್ ಮಾಡಿದರೆ ಮಾತ್ರ ಅಚ್ಚಿನ ಚುಕ್ಕೆಗಳು ಗೆರೆಗಳ ಜೊತೆ ಕಲಸಿ ಅಲೆಅಲೆಯಾಗಿ ಕಾಣುತ್ತವೆ.

ಮಾತಿನ ಜವಾಬ್ದಾರಿ

ಲೀಡ್ಸ್‌ನ ಕಪ್ಪು ಸಮುದಾಯದವರನ್ನು ಫಲಕಗಳೆಲ್ಲ ತಯಾರಾದ ಮೇಲೆ ಕರೆದು ‘ಹೇಗಿದೆ?’ ಎಂದು ಕೇಳುವ ರೂಢಿ ತೊಲಗಬೇಕು. ಮೂರು ಬಾರಿ ಕೂರಬೇಕು: ಕಾರ್ಡುಗಳಿಂದ ಆರಿಸುವ ಮುನ್ನ, ಕರಡು ಮುಗಿದಾಗ, ಅಚ್ಚಿಗೆ ಕಳಿಸುವ ಮುನ್ನ. ಪ್ರತಿ ಬಾರಿಯ ಸಮಯಕ್ಕೂ ಸಂಭಾವನೆ ಕೊಡಬೇಕು, ಅದನ್ನು ಮೊದಲ ದಿನದ ಬಜೆಟ್ಟಿನಲ್ಲೇ ಬರೆಯಬೇಕು. ಸರ್ಕಸ್ ಮನೆತನಗಳವರೂ ಕೂರಲಿ. ರಿಂಗಿನ ಕೆಲಸ ಅವರಿಗೆ ಗೊತ್ತು, ನಮ್ಮ ಫಲಕದ ತಪ್ಪು ಅವರಿಗೆ ತಟ್ಟನೆ ಕಾಣುತ್ತದೆ.

ಆ ಕಾಲದ ಪತ್ರಿಕೆಗಳು ಬಣ್ಣದ ಬಗ್ಗೆ ಆಡಿದ ಮಾತುಗಳಲ್ಲಿ ಕೆಲವು ಇಂದು ಗೋಡೆಗೆ ಹಾಕಲಾಗದಂಥವು. ನಿಯಮ ಸರಳವಿರಲಿ: ಉದ್ಧರಿಸಿದರೆ ಪತ್ರಿಕೆಯ ಹೆಸರು, ತಾರೀಖು ಪಕ್ಕದಲ್ಲೇ ಇರಬೇಕು, ದೊಡ್ಡ ಅಕ್ಷರದ ಶೀರ್ಷಿಕೆಗೆ ಅಂಥ ಮಾತು ಬರಕೂಡದು, ನಿಂದೆಯ ಪದ ಬೇಡವೆಂದು ಸಭೆ ಹೇಳಿದರೆ ಅಲ್ಲಿಗೆ ಮುಗಿಯಿತು. ಹೊಗಳಿಕೆಯಲ್ಲೂ ಮುಳ್ಳಿದೆ. ಪ್ರದರ್ಶಕರ ಸಂಘದ ಪಾದ್ರಿ ಥಾಮಸ್ ಹಾರ್ನ್ 1905ರಲ್ಲಿ, ಕುದುರೆ ಸವಾರರ ಬಳಗದಲ್ಲಿ ಬಣ್ಣದ ಗೆರೆಯೇ ಇಲ್ಲ, ರಿಂಗಿನಲ್ಲಿ ಸಾಮರ್ಥ್ಯವೊಂದೇ ಪರೀಕ್ಷೆ ಎಂದು ಫ್ಯಾಂಕ್ ಅವರನ್ನು ನೆನೆದರು. ಈ ಮಾತು ಬಹಳ ಕಡೆ ಕಾಣುತ್ತದೆ, ಪ್ರದರ್ಶನದ ಕೊನೆಗೆ ಇಟ್ಟರೆ ಎಲ್ಲರಿಗೂ ಹಿತವಾಗುತ್ತದೆ. ಆದರೆ ಅದು ಫ್ಯಾಂಕ್ ಹೇಳಿದ್ದಲ್ಲ. ಅವರು ಸತ್ತು 34 ವರ್ಷಗಳ ಮೇಲೆ ಬೇರೊಬ್ಬರು ಹೇಳಿದ್ದು. ಹಾಗೆಂದೇ ಬರೆದು ನಡುವಿನ ಫಲಕದಲ್ಲಿಡಬೇಕು. ಫ್ಯಾಂಕ್ ಅವರ ಬಾಯಲ್ಲಿ ‘ನಾನು’ ಎಂದು ಕಲ್ಪಿತ ಮಾತು ಹಾಕಿ ಧ್ವನಿಮುದ್ರಣ ಮಾಡುವುದಂತೂ ಬೇಡವೇ ಬೇಡ.

ಸುಸಾನಾ ಅವರ ಮೂಲೆ

1848ರ ಮಾರ್ಚ್ 18ರಂದು ಲೀಡ್ಸ್‌ನ ಕಿಂಗ್ ಚಾರ್ಲ್ಸ್ ಕ್ರಾಫ್ಟ್‌ನಲ್ಲಿ ಆಟ ನಡೆಯುತ್ತಿದ್ದಾಗ ಮರದ ಪ್ರೇಕ್ಷಕ ಅಟ್ಟಣಿಗೆ ಕುಸಿಯಿತು. ಫ್ಯಾಂಕ್ ಅವರ ಮಗ ಹಗ್ಗದ ಮೇಲೆ ನಡೆಯುತ್ತಿದ್ದ. ಹೆಂಡತಿ ಸುಸಾನಾ ಸತ್ತರು. ಕುಸಿದದ್ದು ಇದೇ ಊರಿನಲ್ಲಿ, ಸಮಾಧಿ ಇದೇ ಊರಿನಲ್ಲಿ. ಇಲ್ಲಿ ಮುರಿದ ಹಲಗೆಗಳನ್ನು ರಾಶಿ ಹಾಕುವ, ಕಿರುಚಾಟ ಕೇಳಿಸುವ ಸಲಹೆಗಳು ಬರುತ್ತವೆ. ಬಲಗೋಡೆಯ ಹಿಂಬದಿ ಮೂಲೆಯಲ್ಲಿ ಒಂದು ಬೆಂಚು, ಎದುರಿಗೆ ಬೂದು ಬಣ್ಣದ ಒಂದೇ ಫಲಕ, ಚಿತ್ರವಿಲ್ಲ, ಇಷ್ಟೇ ಸಾಕು. ಫಲಕದ ಬರಹ ಹೀಗಿರಬಹುದು: ‘ಸುಸಾನಾ ಡಾರ್ಬಿ ಈ ಊರಿನಲ್ಲಿ 1848ರ ಮಾರ್ಚ್ 18ರಂದು ತೀರಿಕೊಂಡರು. ಗಂಡನ ಸರ್ಕಸ್ಸಿನಲ್ಲಿ ಪ್ರೇಕ್ಷಕರು ಕೂತಿದ್ದ ಮರದ ಅಟ್ಟಣಿಗೆ ಕುಸಿದು ಬಿತ್ತು. ಮಗ ಆಗ ಹಗ್ಗದ ಮೇಲಿದ್ದ. ಗಂಡ ಅವರಿಗೆ ಕಲ್ಲು ನಿಲ್ಲಿಸಿದರು. 23 ವರ್ಷಗಳ ಮೇಲೆ ಸ್ಟಾಕ್‌ಪೋರ್ಟ್‌ನಲ್ಲಿ ತೀರಿಕೊಂಡ ಆ ಗಂಡನನ್ನೂ ಇಲ್ಲಿಗೇ ತಂದು ಅದೇ ಕಲ್ಲಿನ ಬುಡದಲ್ಲಿ ಮಣ್ಣು ಮಾಡಿದರು.’ ಒಂದು ಗುಣವಾಚಕವನ್ನೂ ಸೇರಿಸಬಾರದು.

ಫಲಕ, ಬೆಳಕು, ತೂಗುವಿಕೆ

ಒಟ್ಟು 8 ಫಲಕ, ಎ1 ಅಳತೆ, ಒಂದಕ್ಕೆ 100 ಪದ ಮೀರಬಾರದು. ಬರಹ 28 ಪಾಯಿಂಟ್, ಚಿತ್ರದ ಅಡಿಬರಹ 18ಕ್ಕಿಂತ ಕಡಿಮೆ ಬೇಡ. ಫಲಕದ ನಡುಮಟ್ಟ ನೆಲದಿಂದ 145 ಸೆಂಟಿಮೀಟರ್. ಓಡಾಟಕ್ಕೆ 120 ಸೆಂಟಿಮೀಟರ್, ಗಾಲಿಕುರ್ಚಿ ತಿರುಗಲು 150. ಎಲ್ಲವೂ ಪ್ರತಿಗಳೇ ಆದ್ದರಿಂದ 150 ಲಕ್ಸ್ ಬೆಳಕಿಗೆ ತೊಂದರೆಯಿಲ್ಲ. ಯಾರಾದರೂ ಮೂಲ ಕಾಗದ ಎರವಲು ಕೊಟ್ಟರೆ ಅದಕ್ಕೆ 50 ಲಕ್ಸ್ ಮಿತಿ, ಕಿಟಕಿಯಿಂದ ದೂರ. 5 ಮಿಲಿಮೀಟರ್ ಫೋಮ್‌ಬೋರ್ಡಿಗೆ ಒಂದೇ ಬದಿ ಕಾಗದ ಅಂಟಿಸಿದರೆ ಹೀಟರ್ ಹಾಕಿದ ವಾರದಲ್ಲೇ ಬಾಳೆಲೆಯಂತೆ ಬಾಗುತ್ತದೆ. ಹಿಂಬದಿಗೂ ಕಾಗದ ಅಂಟಿಸಿದರೆ ಎಳೆತ ಸಮವಾಗುತ್ತದೆ. ಬಣ್ಣ ಬಳಿದ ಇಟ್ಟಿಗೆ ಗೋಡೆಗೆ ಅಂಟುಪಟ್ಟಿ ನಿಲ್ಲುವುದಿಲ್ಲ, ರಾತ್ರಿ ಫಲಕ ಬಿದ್ದು ಮೂಲೆ ಜಜ್ಜಿಹೋಗುತ್ತದೆ. ಕಂಬಿಯಿಂದ ತೂಗುಹಾಕಿ, ಇಲ್ಲವೇ ಕಾಲಿರುವ ಸ್ಟ್ಯಾಂಡು ತನ್ನಿ.

ಅಚ್ಚಿಗೆ ಮುನ್ನ ಪ್ರತಿ ಫಲಕವನ್ನೂ ಎ4 ಹಾಳೆಗಳಲ್ಲಿ ತುಂಡುತುಂಡಾಗಿ ತೆಗೆದು, ಜೋಡಿಸಿ, ಮಾಸ್ಕಿಂಗ್ ಟೇಪಿನಿಂದ ಅದೇ ಜಾಗದಲ್ಲಿ ಅಂಟಿಸಿ, ವಿಷಯ ಗೊತ್ತಿಲ್ಲದ ಹತ್ತು ಜನರನ್ನು ಒಳಗೆ ಬಿಡಿ. ಏನೂ ವಿವರಿಸದೆ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಹಾರಿಸಿ ಹೋಗುತ್ತಾರೆ ನೋಡಿ. ಹೊರಬಂದಾಗ ಅದೇ ಪ್ರಶ್ನೆ ಕೇಳಿ: ಇವರ ಕೆಲಸ ಏನು? ಹತ್ತರಲ್ಲಿ ನಾಲ್ವರು ಹಾಡಿನಿಂದ ಉತ್ತರ ಶುರುಮಾಡಿದರೂ ಫಲಕಗಳ ಕ್ರಮ ಬದಲಿಸಲೇಬೇಕು.

ಬ್ರಿಟನ್ನಿನಲ್ಲಿ ಅಕ್ಟೋಬರ್ ಕಪ್ಪು ಇತಿಹಾಸದ ತಿಂಗಳು. ಆಗ ಇಟ್ಟರೆ ಜನ, ಹಣ ಎರಡೂ ಸುಲಭ. ಆದರೂ ಮಾರ್ಚ್ ಅಥವಾ ಮೇ ಹೆಚ್ಚು ಸರಿ, ಆ ತಿಂಗಳುಗಳ ತಾರೀಖು ಇವರ ಬದುಕಿಗೆ ಸೇರಿದ್ದು. ಮುಗಿದ ಮೇಲೆ ಎ1 ಫಲಕಗಳು ಕಾರಿನ ಡಿಕ್ಕಿಯಲ್ಲಿ ಹಿಡಿಸುತ್ತವೆ, ಮುಂದಿನ ಊರು ನಾರ್ವಿಚ್ ಆಗಲಿ. ಅಲ್ಲಿ 2010ರಿಂದ ಅವರ ಸ್ಮಾರಕ ಫಲಕವಿದೆ, ಅವರ ಹೆಸರಿನ ವಿದ್ಯಾರ್ಥಿನಿಲಯವೂ ಇದೆ. ಕಾರ್ಡುಗಳ ಒಂದು ಪೂರ್ತಿ ಪ್ರತಿ ಲೀಡ್ಸ್‌ನ ಗ್ರಂಥಾಲಯಕ್ಕೆ ಸೇರಬೇಕು, ಡಬ್ಬಿಯಲ್ಲಿ ಉಳಿದ ಊಹೆಯ ಕಾರ್ಡುಗಳೂ ಸೇರಿ.

ಕೊನೆಯ ಶನಿವಾರ ಬಂದವರನ್ನು ಸೇಂಟ್ ಜಾರ್ಜಸ್ ಫೀಲ್ಡಿಗೆ ನಡೆಸಿಕೊಂಡು ಹೋಗಬಹುದು. ಒಂದು ಎಚ್ಚರ: ಅಕ್ಷರ ಕಾಣಲೆಂದು ಕಲ್ಲಿಗೆ ಸೀಮೆಸುಣ್ಣ ತಿಕ್ಕಬಾರದು, ಕಾಗದ ಇಟ್ಟು ಉಜ್ಜಬಾರದು, ಸವೆದ ಕಲ್ಲು ಮತ್ತಷ್ಟು ಉದುರುತ್ತದೆ. ಒಂದು ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ತಾಗಿದಷ್ಟು ಓರೆಯಾಗಿ ಹಿಡಿಯಿರಿ. ಕೊರೆದ ಗೆರೆಗಳಲ್ಲಿ ನೆರಳು ನಿಂತು ಹೆಸರು ತಾನಾಗಿ ಏಳುತ್ತದೆ. ಮೊದಲು ಡಾರ್ಬಿ, ಆಮೇಲೆ ಪ್ಯಾಬ್ಲೊ ಫ್ಯಾಂಕ್.